ಕಲ್ಯಾಣದ ಮಧುವೂ ರೈನ್ ತೀರದ ದ್ರಾಕ್ಷಾಮದ್ಯವೂ

ಬೀದರ ಜಿಲ್ಲೆಯ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣವೆಂಬುದು ಸರ್ವವಿದಿತವಾಗಿದೆ. ಅಲ್ಲಿ ಆಳಿದ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು ಶಕ 1051ರಲ್ಲಿ, ಎಂದರೆ ಕ್ರಿ. ಶ. 1129ರ ಸುಮಾರಿನಲ್ಲಿ, 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಐದು ವಿಂಶತಿಗಳುಳ್ಳ ಈ ಗ್ರಂಥದ ಕೊನೆಯ ವಿಂಶತಿಯಲ್ಲಿ ಮದಿರಾಪಾನಕ್ರೀಡೆಯೂ ಸೇರಿದೆ. ಇದನ್ನು ಕಂಡವರಿಗೆ, ಐರೋಪ್ಯರ ಸಿಹಿಯಾದ ದ್ರಾಕ್ಷಾಮದ್ಯದಂಥದು ಕಲ್ಯಾಣದಲ್ಲಿಯೂ ಸಿದ್ಧವಾಗುತ್ತಿತ್ತೆಂದು ಹೇಳುವ ಆಸೆ ಹುಟ್ಟುವುದು ಸಹಜ. ಆದರೆ ಪದವು ದೊರೆತ ಮಾತ್ರಕ್ಕೆ ಪದಾರ್ಥವು ದೊರೆತಂತಾಗದು.

'ಮಧು' ಎಂದರೆ ಜೇನೂ ಹೌದು, ಹೂವಿನ ರಸವೂ ಹೌದು, ಮದ್ಯವೂ ಹೌದು. ಕೌಟಿಲ್ಯನು ದ್ರಾಕ್ಷಾರಸದಿಂದಾದುದನ್ನು ಮಧುವೆಂದು ಕರೆದು, ಹುಟ್ಟಿದ ದೇಶವನ್ನನುಸರಿಸಿ ಅದಕ್ಕೆ ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳನ್ನು ಹೇಳಿರುವನು. ಕಾಪಿಶಿಯು ಕಾಬೂಲಿಗೆ ಉತ್ತರದಲ್ಲಿದ್ದ ಪಟ್ಟಣ; ಪಾಣಿನಿಯೂ ಅದನ್ನು ಬಲ್ಲನು. ಹೀಗೆ ದ್ರಾಕ್ಷಾಮದ್ಯದ ಕೀರ್ತಿಯು ವಾಯವ್ಯ ದೇಶಕ್ಕೆ ಸಂದುದು. ಮನುವು ಹೇಳಿದ ಮೂರು ಸುರೆಗಳಲ್ಲಿಯಾದರೋ ಮೊದಲನೆಯದು ಗೌಡೀ, ಬೆಲ್ಲದಿಂದಾದುದು. ಹುಮನಾಬಾದಿನ ಸೀಮೆಯಲ್ಲಿ ಇಂದಿಗೂ ಕಾಣುವುದು ಕಬ್ಬಿನ ಗದ್ದೆಗಳೇ.

ಇನ್ನು ಜರ್ಮನಿಯ ಪಾನವನ್ನು ನೋಡೋಣ. ರೈನ್ ನದೀತೀರದ ಯೋಹಾನಿಸ್‌ಬೆರ್ಗ್‌ನಲ್ಲಿ 1775ರಲ್ಲಿ ಕೊಯ್ಲಿನ ಅಪ್ಪಣೆಯನ್ನು ತರುವ ದೂತನು ತಡಮಾಡಲು, ಹಣ್ಣುಗಳಿಗೆ ಬೂಷ್ಟು ಹಿಡಿದರೂ ಅವುಗಳ ಮದ್ಯವು ಅತ್ಯುತ್ತಮವಾಯಿತೆಂದು ಐತಿಹ್ಯವುಂಟು. ಹಂಗೇರಿಯ ಟೋಕಾಯ್‌ನಲ್ಲಿ ಈ ವಿದ್ಯೆಯು ಅದಕ್ಕೂ ಮೊದಲೇ ತಿಳಿದಿದ್ದಿತು. ಶರತ್ಕಾಲದ ಬೆಳಗಿನ ಮಂಜಿನಲ್ಲಿ ಬೊಟ್ರೈಟಿಸ್ ಎಂಬ ಬೂಷ್ಟು ಬೆಳೆದು ಹಣ್ಣಿನ ಸಿಪ್ಪೆಯನ್ನು ತೂತುಮಾಡುವುದು. ಮಧ್ಯಾಹ್ನದ ಬಿಸಿಲಿಗೆ ನೀರು ಆರಿ ಸಕ್ಕರೆಯೂ ಹುಳಿಯೂ ಸಾಂದ್ರವಾಗುವುವು. ಹುದುಗು ಆ ಸಕ್ಕರೆಯನ್ನೆಲ್ಲ ತೀರಿಸಲಾರದೆ ನಿಲ್ಲುವುದರಿಂದ ಮದ್ಯವು ಸಿಹಿಯಾಗಿ ಉಳಿಯುವುದು. 1971ರ ಜರ್ಮನ್ ಕಾನೂನು ಹಣ್ಣಿನ ಪಕ್ವತೆಯನ್ನನುಸರಿಸಿ ಶ್ಪೇಟ್‌ಲೇಸೆ, ಔಸ್‌ಲೇಸೆ, ಬೇರೆನ್‌ಔಸ್‌ಲೇಸೆ ಮೊದಲಾದ ದರ್ಜೆಗಳನ್ನು ಗೊತ್ತುಮಾಡಿತು; ಇವುಗಳಲ್ಲಿ ಹೊರಗಿನ ಸಕ್ಕರೆಯನ್ನು ಬೆರೆಸಿ ಹುದುಗಿಸುವುದು ನಿಷಿದ್ಧ.

ನಮ್ಮ ದಖ್ಖನಿನ ಋತುಧರ್ಮವೇ ಬೇರೆ. ಬೆಳೆಗಾರರು 'ಚಾಟ್ನಿ' ಎನ್ನುವ ಕತ್ತರಿಕೆಯನ್ನು ಅಕ್ಟೋಬರಿನಲ್ಲಿ ಮಾಡಿದರೆ, ಹಣ್ಣು ಪಕ್ವವಾಗುವುದು ಬೇಸಗೆಯ ಒಣಗಾಳಿಯಲ್ಲಿ. ರೈನ್ ತೀರದ ಶರತ್ಕಾಲದ ಮಂಜಿಗೆ ಇಲ್ಲಿ ಎಡೆಯಿಲ್ಲ. ಆದುದರಿಂದಲೇ ವಿಜಯಪುರದ ಕಡೆ ಕೊಯ್ದ ಹಣ್ಣನ್ನು ನೆರಳಿನಲ್ಲಿ ಹರಡಿ ಒಣದ್ರಾಕ್ಷಿಯನ್ನು ಮಾಡುತ್ತಾರೆ. ಹಣ್ಣಿನ ನೀರನ್ನು ಆರಿಸಿ ಸಿಹಿಯನ್ನು ಹೆಚ್ಚಿಸುವ ತತ್ತ್ವವು ಎರಡೆಡೆಯೂ ಒಂದೇ. ಅಲ್ಲಿ ಅದು ಪಾನವಾಯಿತು, ಇಲ್ಲಿ ತಿನಿಸಾಯಿತು.

ಆದಕಾರಣ ಮಾನಸೋಲ್ಲಾಸವನ್ನು ಓದುವಾಗ, ಮಧುವೆಂದೊಡನೆ ರೈನ್ ತೀರದ ಪಾನವನ್ನು ನೆನೆಯಲಾಗದು. ಜೇನು, ಬೆಲ್ಲ, ದ್ರಾಕ್ಷಿ ಇವುಗಳಲ್ಲಿ ಯಾವುದರ ಸಿಹಿಯೆಂದು ಪ್ರತಿಯೊಂದು ಸ್ಥಳದಲ್ಲಿಯೂ ವಿವೇಚಿಸತಕ್ಕದ್ದು. ಸ್ವತಃ ಚಕ್ರವರ್ತಿಯೇ ನೂರು ವಿಷಯಗಳನ್ನು ಕುರಿತು ಗ್ರಂಥ ಬರೆದನೆಂಬ ಹಿರಿಮೆಯುಳ್ಳ ಕಲ್ಯಾಣಕ್ಕೆ ಎರವಲು ತಂದ ದ್ರಾಕ್ಷಾವನದ ಅಲಂಕಾರವು ಬೇಕಾಗಿಲ್ಲ.