ಉಪ್ಪುನೀರೂ ಕಲೆಯಿಲ್ಲದ ಉಕ್ಕೂ

ಚಿಂತಾಮಣಿ, ಶಿಡ್ಲಘಟ್ಟಗಳ ಕಡೆಯ ಹಳೆಯ ಮನೆಗಳಲ್ಲಿ ಉಪ್ಪಿನಕಾಯಿಗೆ ಇಂದಿಗೂ ಪಿಂಗಾಣಿಯ ಜಾಡಿಯೇ ಆಗಬೇಕು. ಸ್ಟೀಲ್ ಡಬ್ಬಿಗಳು ಅಡಿಗೆಮನೆಯ ಮಿಕ್ಕ ಸ್ಥಾನಗಳನ್ನೆಲ್ಲ ಆಕ್ರಮಿಸಿಕೊಂಡಿದ್ದರೂ ಈ ಒಂದು ಸ್ಥಾನ ಅವಕ್ಕೆ ದೊರೆತಿಲ್ಲ. ಕಾರಣವನ್ನು ಕೇಳಿದರೆ ಮನೆಯ ಹಿರಿಯರು, ‘ಉಪ್ಪು ಸ್ಟೀಲನ್ನು ತಿಂದುಬಿಡುತ್ತೆ’ ಎಂದು ಒಂದೇ ಮಾತಿನಲ್ಲಿ ಮುಗಿಸುವರು. ಸಮುದ್ರವನ್ನೇ ಕಾಣದ ನಮ್ಮ ಬಯಲುಸೀಮೆಯ ಈ ಮಾತನ್ನು ಕಡಲಿನವರು ಬಹು ವೆಚ್ಚಮಾಡಿ ಕಲಿಯಬೇಕಾಯಿತು.

ಯಂತ್ರದೋಣಿಯ ಹಿಂಬದಿಯಲ್ಲಿ ನೀರೊಳಗೆ ತಿರುಗಿ ಅದನ್ನು ಮುಂದಕ್ಕೆ ತಳ್ಳುವ ರೆಕ್ಕೆಯ ಚಕ್ರಕ್ಕೆ ಪ್ರೊಪೆಲರ್ ಎಂದು ಹೆಸರು. ಮಲ್ಪೆ, ಮಂಗಳೂರುಗಳ ಮೀನುಗಾರರು ಅದನ್ನು ‘ಫ್ಯಾನ್’ ಎನ್ನುವರು. ಅದನ್ನು ಕಲೆಯಿಲ್ಲದ ಉಕ್ಕಿನಿಂದ, ಎಂದರೆ ಸ್ಟೇನ್‌ಲೆಸ್ ಸ್ಟೀಲಿನಿಂದ, ಮಾಡಿಸಿಬಿಟ್ಟರೆ ಉಪ್ಪುನೀರಿನ ಭಯ ತಪ್ಪಿತೆಂದು ತಿಳಿಯುವವರುಂಟು. ತಪ್ಪುವುದಿಲ್ಲ. ಏಕೆಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಆ ದಾರಿ ನಮ್ಮ ಸೀಮೆಯಿಂದಲೇ ಹೊರಡುವುದೆಂಬುದು ಸಂತೋಷದ ವಿಷಯ.

ಗೌರಿಬಿದನೂರು, ಚಿಕ್ಕಬಳ್ಳಾಪುರಗಳ ಸುತ್ತಣ ಬಂಜರು ನೆಲದಲ್ಲಿ ತಂಗಡಿಯ ಗಿಡವನ್ನು ಕಾಣದವರಿಲ್ಲ. 1800ರಲ್ಲಿ ಮೈಸೂರು ದೇಶವನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಈ ದೇಶದ ಕೆಲಸಗಾರರು ಕಬ್ಬಿಣದ ತುಂಡನ್ನು ತಂಗಡಿಯ ಕಡ್ಡಿಯೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ತಿದಿಯೊತ್ತಿ ಉಕ್ಕು ಮಾಡುತ್ತಿದ್ದ ಕ್ರಮವನ್ನು ಬರೆದಿಟ್ಟಿರುವನು. ಇಂಥ ಉಕ್ಕು ಇಂಗ್ಲೆಂಡಿನಲ್ಲಿ ‘ವೂಟ್ಸ್’ ಎಂದು ಪ್ರಸಿದ್ಧವಾಯಿತು. ಆ ಹೆಸರು ನಮ್ಮ ‘ಉಕ್ಕು’ ಶಬ್ದವೇ ಕೆಟ್ಟು ಆದದ್ದೆಂದು ಬಹುಮಂದಿ ವಿದ್ವಾಂಸರ ಮತ. 1819ರಲ್ಲಿ ಮೈಕೆಲ್ ಫ್ಯಾರಡೆ ಇದನ್ನು ಪರೀಕ್ಷಿಸಿ, ಇತರ ಧಾತುಗಳ ಬೆರಕೆಯೇ ಇದರ ಗುಣಕ್ಕೆ ಕಾರಣವೆಂದು ಎಣಿಸಿದನು. ಈ ಎಣಿಕೆ ತಪ್ಪು. ಇಂಗಾಲದ ಅಂಶ ಹೆಚ್ಚಾಗಿದ್ದುದೇ ಮುಖ್ಯ ಕಾರಣ. ಆದರೆ ತಪ್ಪು ಎಣಿಕೆಯೂ ಕೆಲವು ವೇಳೆ ಒಳ್ಳೆಯ ಕಡೆಗೆ ಕರೆದೊಯ್ಯುವುದು. ಫ್ಯಾರಡೆಯೂ ಸ್ಟೊಡಾರ್ಟನೂ ಕೂಡಿ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ಕ್ರೋಮಿಯಂ ಮೊದಲಾದುವನ್ನು ಬೆರಸಿ ನೋಡಿದರು. ಕ್ರೋಮಿಯಂ ಸೇರಿದ ಕಬ್ಬಿಣವು ಆಮ್ಲಗಳನ್ನು ತಡೆಯುವುದೆಂದು ಫ್ರಾನ್ಸಿನ ಬೆರ್ತಿಯೇ 1821ರಲ್ಲಿ ತೋರಿಸಿದನು. ಇದರ ಪೂರ್ಣ ಫಲ ಕೈಗೆ ಬಂದುದು 1913ರಲ್ಲಿ: ಷೆಫೀಲ್ಡಿನ ಹ್ಯಾರಿ ಬ್ರಿಯರ್ಲಿ, ಬಂದೂಕಿನ ನಳಿಗೆ ಸವೆಯದಂತೆ ಮಾಡಲು ಹೊರಟು, ನೂರಕ್ಕೆ ಸುಮಾರು 13 ಭಾಗ ಕ್ರೋಮಿಯಂ ಇರುವ ಉಕ್ಕನ್ನು ಪಡೆದನು.

ಇದೇ ಫ್ಯಾರಡೆ 1824ರಲ್ಲಿ ತನ್ನ ಗುರು ಹಂಫ್ರಿ ಡೇವಿಗೆ ಮತ್ತೊಂದು ಕಾರ್ಯದಲ್ಲಿ ನೆರವಾದನು. ಯುದ್ಧನೌಕೆಗಳ ತಳಕ್ಕೆ ಹೊದಿಸಿದ ತಾಮ್ರದ ತಗಡು ಸಮುದ್ರದ ನೀರಿನಲ್ಲಿ ಸವೆದುಹೋಗುತ್ತಿದ್ದಿತು. ತಾಮ್ರಕ್ಕೆ ಸತುವಿನ ಅಥವಾ ಕಬ್ಬಿಣದ ತುಂಡೊಂದನ್ನು ತಗುಲಿಸಿದರೆ ಉಪ್ಪುನೀರು ಆ ತುಂಡನ್ನು ತಿಂದು ತಾಮ್ರವನ್ನು ಬಿಡುವುದೆಂದು ಡೇವಿ ಕಂಡುಹಿಡಿದನು. ಪ್ರಯೋಗ ಫಲಿಸಿತು, ತಾಮ್ರ ಉಳಿಯಿತು. ಆದರೆ ತಾಮ್ರವು ಕರಗುತ್ತಿದ್ದುದರಿಂದಲೇ ಅದರ ವಿಷಕ್ಕೆ ಹೆದರಿ ದೂರವಿದ್ದ ಪಾಚಿಯೂ ಚಿಪ್ಪಿನ ಜಂತುಗಳೂ ಈಗ ನಿರ್ಭಯವಾಗಿ ಬಂದು ಅಂಟಿಕೊಂಡು, ಹಡಗುಗಳ ವೇಗ ಕುಂದಿತು. ನೌಕಾಧಿಕಾರಿಗಳು ಆ ತುಂಡುಗಳನ್ನು ಕೀಳಿಸಿದರು. ಡೇವಿ ಪಟ್ಟ ವ್ಯಥೆ ಸಾಮಾನ್ಯವಲ್ಲ. ಆದರೂ ಅವನ ಉಪಾಯ ಸುಳ್ಳಾಗಲಿಲ್ಲ. ಇಂದು ಲೋಹದ ಹಡಗುಗಳಿಗೆ ಸತುವಿನ ತುಂಡುಗಳಿದ್ದೇ ಇರುತ್ತವೆ.

ಇನ್ನು ಫ್ಯಾನಿನ ವಿಷಯ. 1836ರಲ್ಲಿ ಸ್ಮಿತ್ ಮತ್ತು ಎರಿಕ್ಸನ್ ಬೇರೆ ಬೇರೆಯಾಗಿ ಇದಕ್ಕೆ ಹಕ್ಕುಪತ್ರಗಳನ್ನು ಪಡೆದರು. 1845ರಲ್ಲಿ ಫ್ಯಾನಿನ ಹಡಗನ್ನೂ ಪಕ್ಕಗಾಲಿಯ ಹಡಗನ್ನೂ ಬೆನ್ನಿಗೆ ಬೆನ್ನು ಕಟ್ಟಿ ಜಗ್ಗಿಸಿದಾಗ ಫ್ಯಾನೇ ಗೆದ್ದಿತು. ನಮ್ಮ ಕರಾವಳಿಯ ದೊಡ್ಡ ದೋಣಿಗಳಲ್ಲಿ ಇದು ಬಹುಮಟ್ಟಿಗೆ ಕಂಚಿನ ಜಾತಿಯ ಲೋಹದ್ದು. ಕಲೆಯಿಲ್ಲದ ಉಕ್ಕಿನದು ಹೆಚ್ಚಾಗಿ ದೋಣಿಯ ಹೊರಕ್ಕೆ ತಗುಲಿಸುವ ಎಂಜಿನ್‌ಗಳಲ್ಲಿ ಕಾಣುವುದು.

ಈ ಉಕ್ಕಿಗೆ ರಕ್ಷೆಯೆಂದರೆ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಕೂಡಿ ಮೇಲ್ಮೈಯಲ್ಲಿ ಕಟ್ಟುವ ಒಂದು ಪೊರೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಎರಡು ಮೂರು ಭಾಗದಷ್ಟೇ ಅದರ ದಪ್ಪ. ಗೀರಿದರೆ ತಾನೇ ಮತ್ತೆ ಬೆಳೆಯುವುದು, ಆಮ್ಲಜನಕ ದೊರೆತರೆ ಮಾತ್ರ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅವುಗಳಲ್ಲಿರುವ ಕ್ಲೋರೈಡ್ ಈ ಪೊರೆಯ ಶತ್ರು. ಫ್ಯಾನ್ ತಿರುಗುತ್ತಿರುವಾಗ ಹೊಸ ನೀರು ಹರಿದು ಆಮ್ಲಜನಕ ದೊರೆಯುವುದು. ದೋಣಿ ವಾರಗಟ್ಟಲೆ ಕಟ್ಟಿಹಾಕಿದಲ್ಲೇ ನಿಂತರೆ ಚಿಪ್ಪಿನ ಜಂತುಗಳ ಅಡಿಯಲ್ಲಿ, ದಂಡಕ್ಕೆ ಸುತ್ತಿಕೊಂಡ ಬಲೆಯ ದಾರದ ಕೆಳಗೆ, ನಟ್ಟಿನ ಸಂದಿನಲ್ಲಿ ನೀರು ನಿಂತು, ಪೊರೆ ಹರಿದು, ಸೂಜಿಮೊನೆಯಂಥ ಗುಣಿಗಳು ಬೀಳುವುವು. ಹೊರಗಿನಿಂದ ಹೊಳಪು ಮಾಸಿರುವುದಿಲ್ಲ. ನಡುಗಡಲಿನಲ್ಲಿ ರೆಕ್ಕೆ ಮುರಿದಾಗಲೇ ತಿಳಿಯುವುದು; ಆಗ ದೋಣಿಯಲ್ಲಿರುವವರ ಪ್ರಾಣ ಗಾಳಿಯ ಕೈಯಲ್ಲಿ.

ಆದುದರಿಂದ ಕಡಲಿನಿಂದ ಬಂದೊಡನೆ ಸಿಹಿನೀರಿನಿಂದ ತೊಳೆಯಬೇಕು; ಆಗಾಗ ಫ್ಯಾನನ್ನು ಕಳಚಿ ದಾರವನ್ನು ತೆಗೆದು, ನೀರಿಗೆ ಜಗ್ಗದ ಗ್ರೀಸನ್ನು ಹಚ್ಚಬೇಕು. ಕಬ್ಬಿಣದ ತಂತಿಯ ಬ್ರಷ್ಷಿನಿಂದ ಉಜ್ಜಬಾರದು. ಅದರ ಕಣಗಳು ಮೇಲ್ಮೈಯಲ್ಲಿ ನೆಟ್ಟು ತಾವೇ ತುಕ್ಕು ಹಿಡಿಯುವುವು. ಇನ್ನೊಂದು ಅಪಾಯ ಪಕ್ಕದ ಲೋಹಕ್ಕೆ: ಹೊರ ಎಂಜಿನ್ನಿನ ಗೇರುಪೆಟ್ಟಿಗೆ ಅಲ್ಯೂಮಿನಿಯಂನದು, ಉಪ್ಪುನೀರಿನಲ್ಲಿ ಉಕ್ಕಿನ ನೆರೆಯಲ್ಲಿದ್ದರೆ ಅಲ್ಯೂಮಿನಿಯಂ ಬೇಗ ಸವೆಯುವುದು. ಅದನ್ನು ಉಳಿಸುವುದು ಡೇವಿಯ ಸತುವೇ.

ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳಿಗೆ ಮೀನುಗಾರಿಕೆ ನಿಷಿದ್ಧವಾದುದರಿಂದ ಈ ಪರೀಕ್ಷೆಗೆಲ್ಲ ನಮ್ಮ ಕರಾವಳಿಯಲ್ಲಿ ಅದೇ ಸಕಾಲ. ಸತುವು ಅರ್ಧ ಸವೆದಿದ್ದರೆ ಹೊಸದನ್ನು ಹಾಕಬೇಕು. ಅದರ ಮೇಲೆ ಬಣ್ಣ ಬಳಿಯಕೂಡದು. ಒಂದು ವರ್ಷ ಕಳೆದರೂ ಚೂರೂ ಸವೆಯದೆ ಹೊಸದರಂತೆಯೇ ಇದ್ದರೆ, ಖರ್ಚು ಉಳಿಯಿತೆಂದು ಹಿಗ್ಗಬಾರದು: ಲೋಹಕ್ಕೂ ಅದಕ್ಕೂ ಸಂಪರ್ಕ ತಪ್ಪಿದೆ, ಉಪ್ಪುನೀರು ಬೇರೆಲ್ಲಿಯೋ ತಿನ್ನುತ್ತಿದೆ.