ಗಂಧದೆಣ್ಣೆ, ಒಂದು ಪ್ರಯೋಗಶಾಲೆ ಮತ್ತು ಒಂದು ಕನ್ನಡ ಮಾಸಪತ್ರಿಕೆ

ಮೈಸೂರು ಸ್ಯಾಂಡಲ್ ಸಾಬೂನನ್ನು ನೀವೆಲ್ಲರೂ ನೋಡಿದ್ದೀರಿ, ಬಹುಮಂದಿ ಬಳಸಿಯೂ ಇದ್ದೀರಿ. ಅದರ ಹಿಂದೆ ವಿಶ್ವವಿದ್ಯಾನಿಲಯ ಮಟ್ಟದ ಒಂದು ಸಂಶೋಧನೆ ಇದೆ ಎಂಬ ವಿಷಯ ಮಾತ್ರ ನಮ್ಮ ವಿದ್ಯಾರ್ಥಿಗಳಿಗೆ ಅಷ್ಟಾಗಿ ತಿಳಿದಿಲ್ಲ. ಆ ಸಂಶೋಧನೆ ನಡೆದ ವರ್ಷಗಳಲ್ಲೇ, ಅದೇ ಬೆಂಗಳೂರಿನಲ್ಲಿ, ಕನ್ನಡದಲ್ಲಿ ವಿಜ್ಞಾನಕ್ಕಾಗಿಯೇ ಮೀಸಲಾದ ಮಾಸಪತ್ರಿಕೆಯೊಂದು ಹೊರಟಿತು. ಈ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ಶ್ರೀಗಂಧ ಒಂದು ಮುಖ್ಯ ಆದಾಯದ ಮೂಲವಾಗಿತ್ತು. ಕಾಡಿನಿಂದ ಬಂದ ಮರವನ್ನು ಗಂಧದ ಕೋಠಿಗಳಲ್ಲಿ ಹಸನುಗೊಳಿಸಿ, ದರ್ಜೆವಾರು ವಿಂಗಡಿಸಿ, ಹರಾಜು ಹಾಕುತ್ತಿದ್ದರು. ಹರಾಜಿನಲ್ಲಿ ಕೊಂಡ ಮರದ ದೊಡ್ಡ ಪಾಲು ಹಡಗು ಹತ್ತಿ ಜರ್ಮನಿಗೆ ಹೋಗುತ್ತಿತ್ತು. ಅಲ್ಲಿಯ ಕಾರ್ಖಾನೆಗಳು ಅದರಿಂದ ಎಣ್ಣೆ ತೆಗೆದು ಜಗತ್ತಿಗೆ ಮಾರುತ್ತಿದ್ದವು. ಸುಗಂಧ ದ್ರವ್ಯಕ್ಕೆ ಮಾತ್ರವಲ್ಲ, ಔಷಧಿಯಾಗಿಯೂ ಗಂಧದೆಣ್ಣೆಗೆ ಆಗ ಬೇಡಿಕೆ ಇತ್ತು. ಪ್ರತಿಜೈವಿಕಗಳು ಬರುವ ಮೊದಲು ಗೊನೊರಿಯಾ ರೋಗಕ್ಕೆ ವೈದ್ಯರು ಇದನ್ನು ಕೊಡುತ್ತಿದ್ದರು. 1914ರಲ್ಲಿ ಮಹಾಯುದ್ಧ ಆರಂಭವಾಯಿತು, ಜರ್ಮನಿ ಶತ್ರುರಾಷ್ಟ್ರವಾಯಿತು. ಕೋಠಿಗಳಲ್ಲಿ ಮರ ಉಳಿಯಿತು, ಕೊಳ್ಳುವವರು ಇರಲಿಲ್ಲ. ಮರ ನಮ್ಮದು, ವಿದ್ಯೆ ಬೇರೆಯವರದು ಎಂಬ ಸ್ಥಿತಿಯ ಪರಿಣಾಮ ಅಂದು ಲೆಕ್ಕದ ಪುಸ್ತಕದಲ್ಲೇ ಕಾಣಿಸಿಕೊಂಡಿತು.

ಅದೃಷ್ಟವಶಾತ್ ಬೆಂಗಳೂರಿನಲ್ಲಿ ಆ ಹೊತ್ತಿಗೆ ಒಂದು ಪ್ರಯೋಗಶಾಲೆ ಸಿದ್ಧವಿತ್ತು. ಜಮ್‌ಷೆಟ್‌ಜಿ ಟಾಟಾ ಅವರು ಕನಸು ಕಂಡ ಸ್ನಾತಕೋತ್ತರ ವಿಶ್ವವಿದ್ಯಾನಿಲಯವೇ 1909ರಲ್ಲಿ ಭಾರತೀಯ ವಿಜ್ಞಾನ ಮಂದಿರವಾಗಿ ಸ್ಥಾಪನೆಗೊಂಡಿತು. ಮೈಸೂರು ಸರ್ಕಾರ 371 ಎಕರೆ ಜಾಗ ಕೊಟ್ಟಿತ್ತು. 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್. 1898ರಲ್ಲಿ ವಿಲಿಯಂ ರಾಮ್ಸೆ ಜೊತೆಗೂಡಿ ನಿಯಾನ್, ಕ್ರಿಪ್ಟಾನ್, ಕ್ಸೆನಾನ್‌ಗಳನ್ನು ಕಂಡುಹಿಡಿದವರು ಇವರೇ. ರಸಾಯನ ವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಜೆ.ಜೆ. ಸಡ್‌ಬರೊ ಸಾವಯವ ರಸಾಯನದಲ್ಲಿ ಹೆಸರಾದವರು. ಅವರ ಸಹೋದ್ಯೋಗಿ ಎಚ್.ಇ. ವಾಟ್ಸನ್ ಕೂಡ ರಾಮ್ಸೆ ಪ್ರಯೋಗಶಾಲೆಯಿಂದ ಬಂದವರು. ವಿರಳಾನಿಲಗಳ ಸಾಂದ್ರತೆಯನ್ನು ಅಳೆಯುತ್ತಿದ್ದ ಕೈಗೆ ಬೆಂಗಳೂರಿನಲ್ಲಿ ಗಂಧದ ಹೊಟ್ಟು ಸಿಕ್ಕಿತು! ಸಂಸ್ಥಾನದ ಕೈಗಾರಿಕಾ ನಿರ್ದೇಶಕ ಆಲ್ಫ್ರೆಡ್ ಚ್ಯಾಟರ್ಟನ್ ಹಾಗೂ ದಿವಾನ್ ವಿಶ್ವೇಶ್ವರಯ್ಯನವರ ಬೆಂಬಲದಿಂದ ಸಡ್‌ಬರೊ, ವಾಟ್ಸನ್ ಅವರು ಗಂಧದೆಣ್ಣೆಯನ್ನು ಬಟ್ಟಿ ಇಳಿಸುವ ಪ್ರಯೋಗಗಳನ್ನು ಕೈಗೊಂಡರು.

ಇಲ್ಲಿ ಸ್ವಲ್ಪ ನಿಂತು, ಈ ಕೆಲಸದ ಹಿಂದಿನ ಭೌತವಿಜ್ಞಾನವನ್ನು ನೋಡೋಣ. ಅಧ್ಯಾಪಕರು ತರಗತಿಯಲ್ಲಿ ಆಂಶಿಕ ಒತ್ತಡವನ್ನು ಪಾಠ ಮಾಡುವಾಗ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಗಂಧದೆಣ್ಣೆಯ ಮುಖ್ಯ ಭಾಗ ಸ್ಯಾಂಟಲಾಲ್ ಎಂಬ ಆಲ್ಕೊಹಾಲ್. ಅದರ ಅಣುವಿನಲ್ಲಿ 15 ಇಂಗಾಲ, 24 ಹೈಡ್ರೊಜನ್ ಮತ್ತು 1 ಆಕ್ಸಿಜನ್ ಪರಮಾಣುಗಳಿವೆ, ಅಣುತೂಕ 220. ಆಲ್ಫಾ, ಬೀಟಾ ಎಂಬ ಎರಡು ಮುಖ್ಯ ಸಮಾಂಗಿಗಳಲ್ಲಿ ಆಲ್ಫಾದ ಪ್ರಮಾಣ ಹೆಚ್ಚು. ಸಾಮಾನ್ಯ ಒತ್ತಡದಲ್ಲಿ ಸ್ಯಾಂಟಲಾಲ್ ಕುದಿಯುವುದು ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ಉಷ್ಣತೆಗೆ ಮರವನ್ನು ನೇರವಾಗಿ ಕಾಯಿಸಿದರೆ ಪರಿಮಳ ಬರುವುದಿಲ್ಲ, ಇದ್ದಿಲು ಬರುತ್ತದೆ. ಹಾಗಾದರೆ ಎಣ್ಣೆ ತೆಗೆಯುವುದು ಹೇಗೆ?

ಒಂದರಲ್ಲೊಂದು ಕರಗದ ಎರಡು ದ್ರವಗಳು ಒಟ್ಟಿಗಿದ್ದಾಗ ಪ್ರತಿಯೊಂದೂ ಇನ್ನೊಂದರ ಪರಿವೆಯಿಲ್ಲದೆ ತನ್ನ ಆವಿ ಒತ್ತಡವನ್ನು ಬೀರುತ್ತದೆ. ಎರಡರ ಮೊತ್ತ ವಾಯುಮಂಡಲದ ಒತ್ತಡಕ್ಕೆ, ಅಂದರೆ 760 ಮಿ.ಮೀ. ಪಾದರಸಕ್ಕೆ ಸಮನಾದಾಗ ಮಿಶ್ರಣ ಕುದಿಯುತ್ತದೆ. ನೀರಿನ ಜೊತೆ ಗಂಧದೆಣ್ಣೆ ಇದ್ದರೆ 100 ಡಿಗ್ರಿಗೆ ಕೂದಲೆಳೆಯಷ್ಟು ಕೆಳಗೇ ಮಿಶ್ರಣ ಕುದಿದು, ಹಬೆಯ ಜೊತೆ ಎಣ್ಣೆಯ ಆವಿಯೂ ಹೊರಬರುತ್ತದೆ. 300 ಡಿಗ್ರಿಯಲ್ಲಿ ಕುದಿಯುವ ವಸ್ತುವನ್ನು 100 ಡಿಗ್ರಿಯಲ್ಲಿ ಹೊರತರುವ ಉಪಾಯ ಇದು.

ಉಪಾಯ ಸರಳ, ಆದರೆ ಬೆಲೆ ತೆರಬೇಕು. ಹೊರಬರುವ ಎರಡು ಆವಿಗಳ ತೂಕದ ಅನುಪಾತ ಅವುಗಳ ಆಂಶಿಕ ಒತ್ತಡ ಮತ್ತು ಅಣುತೂಕಗಳ ಗುಣಲಬ್ಧದ ಅನುಪಾತಕ್ಕೆ ಸಮ. ಲೆಕ್ಕ ಸುಲಭವಾಗಲೆಂದು ಎಣ್ಣೆಯ ಆವಿ ಒತ್ತಡ 1 ಮಿ.ಮೀ. ಎಂದು ಇಟ್ಟುಕೊಳ್ಳೋಣ. ಆಗ ನೀರಿನದು 759 ಮಿ.ಮೀ. 1ನ್ನು 220ರಿಂದ, 759ನ್ನು 18ರಿಂದ ಗುಣಿಸಿ ಭಾಗಿಸಿ ನೋಡಿ: ಸುಮಾರು 0.016 ಬರುತ್ತದೆ. ಅಂದರೆ ಒಂದು ಕಿಲೋಗ್ರಾಂ ಹಬೆ ಹೊತ್ತು ತರುವ ಎಣ್ಣೆ ಸುಮಾರು 16 ಗ್ರಾಂ. ಒಂದು ಕಿಲೋಗ್ರಾಂ ಎಣ್ಣೆಗೆ 60 ಕಿಲೋಗ್ರಾಂಗೂ ಮಿಕ್ಕಿ ಹಬೆ ಬೇಕು. ಇದು ಎಣ್ಣೆ ಮುಕ್ತವಾಗಿ ಸಿಗುವಾಗಿನ ಲೆಕ್ಕ. ನಿಜವಾದ ಎಣ್ಣೆ ಚೇಗಿನ ಜೀವಕೋಶಗಳ ಒಳಗೆ ಕುಳಿತಿರುತ್ತದೆ; ಅದು ಮರದ ಮೂಲಕ ನಿಧಾನವಾಗಿ ವಿಸರಣಗೊಂಡು ಹೊರಮೈಗೆ ಬರಬೇಕು. ಆದ್ದರಿಂದಲೇ ಮರವನ್ನು ಪುಡಿ ಮಾಡಬೇಕು. ಪುಡಿ ತೀರ ನಯವಾದರೆ ಅಂಟಿಕೊಂಡು ಹಬೆಗೆ ದಾರಿ ಬಿಡುವುದಿಲ್ಲ, ತೀರ ದಪ್ಪಗಿದ್ದರೆ ಎಣ್ಣೆ ಒಳಗೇ ಉಳಿಯುತ್ತದೆ. ಒಂದು ಸಲ ತುಂಬಿದ ಪಾತ್ರೆಯನ್ನು ಎರಡು ಮೂರು ದಿನ ಹಗಲೂ ರಾತ್ರಿ ಬಟ್ಟಿ ಇಳಿಸಬೇಕಾಗುತ್ತದೆ. ನೀಲಗಿರಿ ಎಲೆಯ ಎಣ್ಣೆ ಕೆಲವೇ ಗಂಟೆಗಳಲ್ಲಿ ಇಳಿದುಬಿಡುತ್ತದೆ. ಅದರ ಜೊತೆ ಹೋಲಿಸಿದರೆ ಗಂಧದ ಮೊಂಡುತನ ಗೊತ್ತಾಗುತ್ತದೆ. ಇಳಿದ ಮೇಲೂ ತೊಂದರೆ ತಪ್ಪದು. ಗಂಧದೆಣ್ಣೆಯ ಸಾಂದ್ರತೆ ನೀರಿನ ಸುಮಾರು 0.97ರಷ್ಟು. ವ್ಯತ್ಯಾಸ ಇಷ್ಟು ಕಡಿಮೆಯಾದ್ದರಿಂದ ಎಣ್ಣೆ ನೀರಿನ ಮೇಲೆ ತೇಲಿ ಬೇರ್ಪಡಲು ಸಮಯ ಹಿಡಿಯುತ್ತದೆ.

ಎಣ್ಣೆ ತೆಗೆದರೆ ಸಾಲದು, ಲಂಡನ್ನಿನ ವ್ಯಾಪಾರಿಗೆ ಅದು ಶುದ್ಧ ಎಂದು ಒಪ್ಪಿಸಬೇಕು. ಗಂಧದೆಣ್ಣೆಗೆ ಹರಳೆಣ್ಣೆ ಬೆರೆಸುವುದು ಹಳೆಯ ಚಾಳಿ. ಹರಳೆಣ್ಣೆಯ ಸಾಂದ್ರತೆ ಸುಮಾರು 0.96, ಆದ್ದರಿಂದ ಸಾಂದ್ರತೆಯೊಂದನ್ನೇ ಅಳೆದರೆ ಮೋಸ ತಿಳಿಯುವುದಿಲ್ಲ. ಶುದ್ಧ ಗಂಧದೆಣ್ಣೆ ತನ್ನ ಐದು ಪಟ್ಟು ಗಾತ್ರದ ಶೇ. 70ರ ಆಲ್ಕೊಹಾಲಿನಲ್ಲಿ ತಿಳಿಯಾಗಿ ಕರಗುತ್ತದೆ, ಹರಳೆಣ್ಣೆ ಕರಗದೆ ದ್ರಾವಣ ಮಂಕಾಗುತ್ತದೆ. ಇನ್ನೊಂದು ಪರೀಕ್ಷೆ ಬೆಳಕಿನದು. ಧ್ರುವೀಕೃತ ಬೆಳಕನ್ನು ಹಾಯಿಸಿದಾಗ ನಮ್ಮ ಶ್ರೀಗಂಧದ ಎಣ್ಣೆ ಅದರ ಕಂಪನತಲವನ್ನು ಎಡಕ್ಕೆ ತಿರುಗಿಸುತ್ತದೆ. ಒಂದು ಡೆಸಿಮೀಟರ್ ಉದ್ದದ ಕೊಳವೆಯಲ್ಲಿ ಈ ತಿರುಗು ಸಾಮಾನ್ಯವಾಗಿ 15ರಿಂದ 20 ಡಿಗ್ರಿ. ‘ವೆಸ್ಟ್ ಇಂಡಿಯನ್ ಸ್ಯಾಂಡಲ್‌ವುಡ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಆಮಿರಿಸ್ ಎಣ್ಣೆ, ಸಸ್ಯವಿಜ್ಞಾನದ ದೃಷ್ಟಿಯಿಂದ ಗಂಧವೇ ಅಲ್ಲ. ಅದು ಬಲಕ್ಕೆ ತಿರುಗಿಸುತ್ತದೆ. ಹೀಗೆ ಮೂಗು ಸೋತಲ್ಲಿ ಪೋಲಾರಿಮೀಟರ್ ಗೆಲ್ಲುತ್ತದೆ. ನಿಮ್ಮ ಶಾಲೆಯಲ್ಲಿ ಈ ಉಪಕರಣ ಇಲ್ಲದಿದ್ದರೆ ಎರಡು ಪೋಲರಾಯ್ಡ್ ಹಾಳೆ, ಒಂದು ಉದ್ದನೆಯ ಗಾಜಿನ ಲೋಟ ಮತ್ತು ಗಟ್ಟಿಯಾದ ಸಕ್ಕರೆ ದ್ರಾವಣ ಸಾಕು; ಬೆಳಕು ತಿರುಗುವುದನ್ನು ಮಕ್ಕಳೇ ಕಾಣಬಹುದು.

ವಿಜ್ಞಾನ ಮಂದಿರದ ಪ್ರಯೋಗಗಳು ಫಲ ಕೊಟ್ಟವು. 1916ರಲ್ಲಿ ಬೆಂಗಳೂರಿನಲ್ಲೂ 1917ರಲ್ಲಿ ಮೈಸೂರಿನಲ್ಲೂ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆಗಳು ಆರಂಭವಾದವು. ಎಣ್ಣೆ ಕೈಯಲ್ಲಿದ್ದ ಮೇಲೆ ಸಾಬೂನಿನ ಯೋಚನೆ ಸಹಜವಾಗಿಯೇ ಬಂತು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು ಸರ್ಕಾರಿ ಸಾಬೂನು ಕಾರ್ಖಾನೆಯನ್ನು ಕಟ್ಟಿ ಬೆಳೆಸಿದರು. 1918ರಿಂದ ಮೈಸೂರು ಸ್ಯಾಂಡಲ್ ಸಾಬೂನಿನ ಕಥೆ ಶುರುವಾಗುತ್ತದೆ. ಸಡ್‌ಬರೊ ಮತ್ತು ವಾಟ್ಸನ್ ಅವರು ನಮ್ಮ ಕಾಡುಮರಗಳ ಬಟ್ಟಿ ಇಳಿಸುವಿಕೆಯನ್ನೂ ಅಭ್ಯಾಸ ಮಾಡಿದರು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕಲ್ಲಿದ್ದಲಿಲ್ಲದೆ ಮರದ ಇದ್ದಿಲಿನಿಂದಲೇ ಕುಲುಮೆ ಹೊತ್ತಿಸಿದಾಗ ಆ ಬಗೆಯ ತಿಳಿವಳಿಕೆಗೆ ಬೆಲೆ ಬಂತು. ಅದು ಪ್ರತ್ಯೇಕ ಲೇಖನಕ್ಕೆ ವಸ್ತು.

ಈಗ ಇನ್ನೊಂದು ಪ್ರಶ್ನೆಗೆ ಬರೋಣ. ಇಷ್ಟೆಲ್ಲ ನಡೆದದ್ದು ಯಾರಿಗೆ ತಿಳಿಯಿತು?

ವಿಜ್ಞಾನ ಮಂದಿರ ತನ್ನ ಸಂಶೋಧನ ಪತ್ರಿಕೆಯನ್ನು 1914ರಿಂದ ಪ್ರಕಟಿಸುತ್ತಿತ್ತು. ಅದು ಇಂಗ್ಲಿಷಿನಲ್ಲಿತ್ತು, ತಜ್ಞರಿಗಾಗಿ ಇತ್ತು, ತಪ್ಪೇನೂ ಇಲ್ಲ. ಆದರೆ ಗಂಧದ ಮರದ ಪಕ್ಕದಲ್ಲಿ ಬಾಳುತ್ತಿದ್ದವನಿಗೆ, ಹಳ್ಳಿಯ ಉಪಾಧ್ಯಾಯನಿಗೆ ಅದರಿಂದ ಪ್ರಯೋಜನವಿರಲಿಲ್ಲ. ಈ ಕೊರತೆಯನ್ನು ಕಂಡವರು ಬೆಂಗಳೂರಿನಲ್ಲೇ ಇದ್ದರು. 1911ರಲ್ಲಿ ಸ್ಥಾಪನೆಯಾದ ಮೈಸೂರು ಸಂಪದಭ್ಯುದಯ ಸಮಾಜ ಕೈಗಾರಿಕೆ, ವ್ಯವಸಾಯಗಳ ಜೊತೆಗೆ ವಿದ್ಯಾಭ್ಯಾಸವನ್ನೂ ಚರ್ಚಿಸುತ್ತಿತ್ತು. ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಹುಟ್ಟಿದ್ದರ ಹಿಂದೆಯೂ ಅದರ ಚರ್ಚೆಗಳಿದ್ದವು. 1916ರಲ್ಲಿ, ಗಂಧದೆಣ್ಣೆ ಕಾರ್ಖಾನೆ ಆರಂಭವಾದ ವರ್ಷದಲ್ಲೇ, ಮೈಸೂರು ವಿಶ್ವವಿದ್ಯಾನಿಲಯವೂ ಸ್ಥಾಪನೆಯಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜು ಮದರಾಸು ವಿಶ್ವವಿದ್ಯಾನಿಲಯವನ್ನು ಬಿಟ್ಟು ಅದಕ್ಕೆ ಸೇರಿತು.

ಆ ಕಾಲೇಜಿನಲ್ಲಿ ಭೌತವಿಜ್ಞಾನ ಬೋಧಿಸುತ್ತಿದ್ದವರು ಬೆಳ್ಳಾವೆ ವೆಂಕಟನಾರಣಪ್ಪನವರು. ಹಗಲು ಭೌತವಿಜ್ಞಾನದ ಪಾಠ. ಉಳಿದ ಹೊತ್ತಿನಲ್ಲಿ ಹಳಗನ್ನಡ, ನಡುಗನ್ನಡ ಕಾವ್ಯಗಳ ಸಂಪಾದನೆ. ಸಾಹಿತ್ಯ ಪರಿಷತ್ತಿಗೂ ಅವರು ದುಡಿದರು. ಇವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಕೂಡಿ 1918ರಲ್ಲಿ, ಕರ್ಣಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಆಶ್ರಯದಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಸಮಿತಿಯ ಹೆಸರನ್ನು ಗಮನಿಸಿ. ವಿಜ್ಞಾನ ಪ್ರಚಾರ ಒಂದು ಪ್ರತ್ಯೇಕ ಕೆಲಸ, ಅದಕ್ಕೊಂದು ಸಂಘಟನೆ ಬೇಕು ಎಂಬ ತಿಳಿವಳಿಕೆ ನಮ್ಮಲ್ಲಿ ನೂರು ವರ್ಷಕ್ಕೂ ಹಿಂದೆಯೇ ಇತ್ತು.

ಅಂದು ಕನ್ನಡದಲ್ಲಿ ವಿಜ್ಞಾನ ಬರೆಯುವುದೆಂದರೆ ಪ್ರತಿ ಪುಟದಲ್ಲೂ ಪದಗಳಿಗಾಗಿ ಹುಡುಕಾಟ. ಪಾರಿಭಾಷಿಕ ಪದಕೋಶ ಇರಲಿಲ್ಲ, ಓದುಗರಲ್ಲಿ ಸಾಕ್ಷರರೇ ಕಡಿಮೆ. ಕೆಲವು ಪದಗಳು ಮಾತ್ರ ಮೊದಲೇ ಸಿದ್ಧವಾಗಿದ್ದವು. ‘ಬಟ್ಟಿ ಇಳಿಸು’ ಎಂಬುದನ್ನೇ ನೋಡಿ. ಸಾರಾಯಿಯವರಿಂದ ಬಂದ ಮಾತು ಎಂದು ಕೆಲವರಿಗೆ ಅದು ಮುಜುಗರ; ‘ಆಸವನ’ ಎಂದರೆ ಹೆಚ್ಚು ಶಾಸ್ತ್ರೀಯ ಎನಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಬಟ್ಟಿಯೇ ಮೇಲು. ಆವಿ ಮೇಲೇರಿ, ತಣಿದು, ಹನಿಯಾಗಿ ‘ಇಳಿಯುವ’ ಚಿತ್ರ ಆ ಮಾತಿನಲ್ಲೇ ಇದೆ. ವೆಂಕಟನಾರಣಪ್ಪನವರು ಮುಂದೆ ‘ಜೀವವಿಜ್ಞಾನ’ ಎಂಬ ಪುಸ್ತಕ ಬರೆದರು, ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟಿನ ಕೆಲಸದಲ್ಲೂ ತೊಡಗಿದರು. ಆದರೆ ‘ವಿಜ್ಞಾನ’ ಪತ್ರಿಕೆ ಸುಮಾರು ಎರಡು ವರ್ಷ ನಡೆದು ನಿಂತುಹೋಯಿತು.

ಎಣ್ಣೆಯ ಕಾರ್ಖಾನೆಗೆ ಸರ್ಕಾರದ ಬಂಡವಾಳ ಸಿಕ್ಕಿತು, ಏಕೆಂದರೆ ಅದರ ಲಾಭವನ್ನು ರೂಪಾಯಿಯಲ್ಲಿ ಎಣಿಸಬಹುದಾಗಿತ್ತು. ಪತ್ರಿಕೆಯ ಲಾಭವನ್ನು ಹಾಗೆ ಎಣಿಸಲಾಗದು. ನಷ್ಟವನ್ನು ಬೇಕಾದರೆ ಗಂಧದ ಮರದಲ್ಲೇ ತೋರಿಸಬಹುದು.

ಟಿಪ್ಪು ಸುಲ್ತಾನನ ಕಾಲದಲ್ಲಿ, 1792ರಲ್ಲಿ, ಶ್ರೀಗಂಧ ರಾಜವೃಕ್ಷವೆಂದು ಘೋಷಿತವಾಯಿತು. ಮುಂದೆ ಬಂದ ಆಳ್ವಿಕೆಗಳೂ ಆ ನೀತಿಯನ್ನು ಮುಂದುವರಿಸಿದವು. ರೈತನ ಹೊಲದ ಬದುವಿನಲ್ಲಿ ಹುಟ್ಟಿದರೂ ಮರ ಸರ್ಕಾರದ್ದು. ಕಳುವಾದರೆ ಮಾತ್ರ ರೈತ ಉತ್ತರ ಹೇಳಬೇಕು. ಇಂಥ ಮರವನ್ನು ಪ್ರೀತಿಯಿಂದ ಬೆಳೆಸುವವರು ಯಾರು? ಸಸಿ ಕಂಡೊಡನೆ ಕಿತ್ತು ಹಾಕುವುದೇ ಜಾಣತನವಾಯಿತು. ಇದರ ಮೇಲೆ ಸ್ಪೈಕ್ ರೋಗ. 1899ರಲ್ಲಿ ಕೊಡಗಿನಲ್ಲಿ ವರದಿಯಾದ ಈ ರೋಗ ಬಂದ ಮರದ ಎಲೆಗಳು ಚಿಕ್ಕದಾಗಿ, ಗೊಂಚಲಾಗಿ ನೆಟ್ಟಗೆ ನಿಲ್ಲುತ್ತವೆ. ಕೆಲವೇ ವರ್ಷಗಳಲ್ಲಿ ಮರ ಸಾಯುತ್ತದೆ. ಮೈಸೂರಿನ ಲೆಸ್ಲಿ ಕೋಲ್ಮನ್ 1917ರಲ್ಲಿ ಕಸಿಯ ಮೂಲಕ ಇದು ಹರಡುತ್ತದೆಂದು ತೋರಿಸಿದರು. ವಿಜ್ಞಾನ ಮಂದಿರದಲ್ಲಿ ಎಂ. ಶ್ರೀನಿವಾಸಯ್ಯ ಮತ್ತು ಸಂಗಡಿಗರು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ರೋಗಕಾರಕ ಮಾತ್ರ ಕಣ್ಣಿಗೆ ಬಿದ್ದದ್ದು 1969ರಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ. ಅದನ್ನು ಈಗ ಫೈಟೊಪ್ಲಾಸ್ಮಾ ಎಂದು ಕರೆಯುತ್ತಾರೆ. 1998ರಲ್ಲಿ ಶ್ರೀಗಂಧ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಅಪಾಯಕ್ಕೀಡಾಗಬಲ್ಲ ಪ್ರಭೇದವಾಗಿ ಸೇರಿತು.

2001ರಲ್ಲಿ ಕರ್ನಾಟಕ ತನ್ನ ಅರಣ್ಯ ಕಾಯಿದೆಗೆ ತಿದ್ದುಪಡಿ ತಂದು, ಖಾಸಗಿ ಜಮೀನಿನ ಗಂಧದ ಮರದ ಒಡೆತನವನ್ನು ಬೆಳೆದವನಿಗೇ ಕೊಟ್ಟಿತು. ಅಲ್ಲಿಂದ ಈಚೆಗೆ ಬಯಲುಸೀಮೆಯ ಎಷ್ಟೋ ರೈತರು ಶ್ರೀಗಂಧ ನೆಡುತ್ತಿದ್ದಾರೆ. ಅವರಲ್ಲಿ ಹಲವರು ಮೊದಲ ವರ್ಷವೇ ಎದುರಿಸುವ ತೊಂದರೆ ಒಂದು: ಒಂಟಿಯಾಗಿ ನೆಟ್ಟ ಸಸಿ ಸೊರಗುತ್ತದೆ. ಶ್ರೀಗಂಧ ಅರೆಪರಾವಲಂಬಿ, ಅದರ ಬೇರು ನೆರೆಯ ಗಿಡದ ಬೇರಿಗೆ ಅಂಟಿಕೊಂಡು ನೀರನ್ನೂ ಲವಣಗಳನ್ನೂ ಹೀರುತ್ತದೆ. ಇದನ್ನು ಜಾನ್ ಸ್ಕಾಟ್ ಎಂಬ ಸಸ್ಯವಿಜ್ಞಾನಿ 1871ರಲ್ಲೇ ವರದಿ ಮಾಡಿದ್ದರು. ಸಸಿಯ ಪಕ್ಕದಲ್ಲಿ ತೊಗರಿ ಬಿತ್ತಿ, ಆಮೇಲೆ ಹೊಂಗೆಯನ್ನೋ ಸರ್ವೆಯನ್ನೋ ಜೊತೆಗಿಟ್ಟರೆ ಗಂಧ ಚಿಗುರುತ್ತದೆ.