ಒಂದು ಷರತ್ತಿಗಾಗಿ ಹದಿನೆಂಟು ತಿಂಗಳು

ದೂರದ ಊರಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಪತ್ರ ಬರೆದು, "ಸರ್, ಅಮೆರಿಕದಂಥ ಬಲಾಢ್ಯ ರಾಷ್ಟ್ರ ನಿಜವಾಗಿ ಮನಸ್ಸು ಮಾಡಿದರೆ ಯಾವ ಯುದ್ಧವನ್ನಾದರೂ ಒಂದು ವಾರದಲ್ಲಿ ನಿಲ್ಲಿಸಲಾರದೆ?" ಎಂದು ಕೇಳಿದ್ದಾನೆ. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವುದಕ್ಕಿಂತ, ಬಲವೂ ಮನಸ್ಸೂ ಎರಡೂ ಇದ್ದು ಎರಡು ವರ್ಷ ಕಾಯಬೇಕಾಗಿ ಬಂದ ಒಂದು ಯುದ್ಧದ ಕಥೆಯನ್ನು ಹೇಳುವುದು ಮೇಲೆಂದು ತೋರಿತು. ಅದು ಕೊರಿಯಾ ಯುದ್ಧ. ತರಗತಿಯಲ್ಲಿ ವಿಶ್ವಸಂಸ್ಥೆಯ ಪಾಠದ ನಡುವೆ ಎರಡು ಮೂರು ಸಾಲುಗಳಲ್ಲಿ ಮುಗಿದುಹೋಗುತ್ತಿದ್ದ ಈ ವಿಷಯವನ್ನು ಈಗ ಸ್ವಲ್ಪ ಸಾವಧಾನವಾಗಿ ನೋಡೋಣ.

1950ರ ಜೂನ್ 25ರಂದು ಉತ್ತರ ಕೊರಿಯಾದ ಸೈನ್ಯವು 38ನೆಯ ಅಕ್ಷಾಂಶವನ್ನು ದಾಟಿ ದಕ್ಷಿಣದ ಮೇಲೆ ಬಿದ್ದಿತು. ಮೂರು ದಿನಗಳಲ್ಲಿ ರಾಜಧಾನಿ ಸೋಲ್ ಕೈಬಿಟ್ಟಿತು. ಚೀನಾದ ಪ್ರಾತಿನಿಧ್ಯದ ಪ್ರಶ್ನೆಯನ್ನು ಮುಂದಿಟ್ಟು ಸೋವಿಯತ್ ಒಕ್ಕೂಟವು ಆಗ ಭದ್ರತಾ ಮಂಡಳಿಯನ್ನು ಬಹಿಷ್ಕರಿಸಿದ್ದುದರಿಂದ, ವೀಟೋ ಹಾಕುವವರಿಲ್ಲದೆ ಅಮೆರಿಕದ ನಿರ್ಣಯಗಳು ಅಂಗೀಕಾರವಾದವು. ವಿಶ್ವಸಂಸ್ಥೆಯ ಧ್ವಜದಡಿಯಲ್ಲಿ, ಅಮೆರಿಕದ ನಾಯಕತ್ವದಲ್ಲಿ ಸೈನ್ಯ ಹೊರಟಿತು. ಭಾರತವು ಕಾದಾಡುವ ಪಡೆಯನ್ನು ಕಳುಹಿಸದೆ ವೈದ್ಯಕೀಯ ದಳವೊಂದನ್ನು ಮಾತ್ರ ಕಳುಹಿಸಿತು. ಸೆಪ್ಟೆಂಬರ್ 15ರಂದು ಜನರಲ್ ಮ್ಯಾಕ್‌ಆರ್ಥರ್ ಇಂಚಾನ್ ಬಂದರಿನಲ್ಲಿ ಸೈನ್ಯವನ್ನಿಳಿಸಿದ ಮೇಲೆ ಯುದ್ಧದ ದಿಕ್ಕೇ ಬದಲಾಯಿತು.

ಯುದ್ಧವನ್ನು ಅಲ್ಲಿಗೇ ನಿಲ್ಲಿಸುವ ಅವಕಾಶವೊಂದಿತ್ತು. ಅಕ್ಟೋಬರ್ 3ರಂದು, ಮಧ್ಯರಾತ್ರಿ ಕಳೆದ ಮೇಲೆ, ಚೀನಾದ ಪ್ರಧಾನಿ ಚೌ ಎನ್‌ಲಾಯ್ ನಮ್ಮ ರಾಯಭಾರಿ ಕೆ. ಎಂ. ಪಣಿಕ್ಕರ್ ಅವರನ್ನು ಕರೆಸಿಕೊಂಡು, ಅಮೆರಿಕದ ಸೈನ್ಯವು 38ನೆಯ ಅಕ್ಷಾಂಶವನ್ನು ದಾಟಿದರೆ ಚೀನಾ ಸುಮ್ಮನಿರದು ಎಂದು ತಿಳಿಸಿದರು. ಸಂದೇಶವು ದೆಹಲಿಯ ಮೂಲಕ ವಾಷಿಂಗ್ಟನ್ನಿಗೆ ತಲುಪಿತು. ಆದರೆ ಅಲ್ಲಿನವರ ದೃಷ್ಟಿಯಲ್ಲಿ ಪಣಿಕ್ಕರ್ ಚೀನಾದ ಪಕ್ಷಪಾತಿ. ಅವರ ಮಾತಿಗೆ ಬೆಲೆ ಸಿಗಲಿಲ್ಲ. ಸೈನ್ಯ ದಾಟಿತು, ಅದೇ ತಿಂಗಳು ಚೀನೀ ಪಡೆಗಳು ಯಾಲೂ ನದಿಯನ್ನು ದಾಟಿ ಬಂದವು. ಮುಂದಿನ ವಸಂತದ ಹೊತ್ತಿಗೆ ಎರಡೂ ಕಡೆಯವರು ಬಹುಮಟ್ಟಿಗೆ ಹಳೆಯ ಗಡಿಯ ಆಸುಪಾಸಿನಲ್ಲೇ ನಿಂತಿದ್ದರು. ಯುದ್ಧವನ್ನು ಚೀನಾಕ್ಕೂ ವಿಸ್ತರಿಸಬೇಕೆಂದು ಬಹಿರಂಗವಾಗಿ ವಾದಿಸುತ್ತಿದ್ದ ಮ್ಯಾಕ್‌ಆರ್ಥರ್ ಅವರನ್ನು ಅಧ್ಯಕ್ಷ ಟ್ರೂಮನ್ 1951ರ ಏಪ್ರಿಲ್‌ನಲ್ಲಿ ವಜಾ ಮಾಡಿದರು. ಗೆಲುವು ಸಾಧ್ಯವಿಲ್ಲ, ಗೌರವದಿಂದ ಹೊರಬಂದರೆ ಸಾಕು ಎಂಬ ತೀರ್ಮಾನಕ್ಕೆ ಅಮೆರಿಕ ಬಂದಂತಾಯಿತು.

ಜೂನ್ 23ರಂದು ವಿಶ್ವಸಂಸ್ಥೆಯಲ್ಲಿನ ಸೋವಿಯತ್ ಪ್ರತಿನಿಧಿ ಜೇಕಬ್ ಮಲಿಕ್ ರೇಡಿಯೋ ಭಾಷಣವೊಂದರಲ್ಲಿ ಕದನವಿರಾಮದ ಮಾತನ್ನೆತ್ತಿದರು. ಜುಲೈ 10ರಂದು ಕೇಸಾಂಗ್‌ನಲ್ಲಿ ಮಾತುಕತೆ ಆರಂಭವಾಗಿ, ಅಕ್ಟೋಬರ್‌ನಲ್ಲಿ ಪಾನ್‌ಮುಂಜೊಮ್ ಎಂಬ ಸಣ್ಣ ಹಳ್ಳಿಗೆ ಸ್ಥಳಾಂತರವಾಯಿತು. ನವೆಂಬರ್ 27ರಂದು ಗಡಿರೇಖೆಯ ಬಗ್ಗೆ ಒಪ್ಪಂದವೂ ಆಯಿತು. ಯಾವ ನೆಲಕ್ಕಾಗಿ ಯುದ್ಧ ಶುರುವಾಗಿತ್ತೋ ಆ ನೆಲದ ತಂಟೆ ಹೀಗೆ ಬಗೆಹರಿದಿದ್ದಾಗಲೂ ಯುದ್ಧ ನಿಲ್ಲಲಿಲ್ಲ. ಅಡ್ಡ ಬಂದದ್ದು ಯುದ್ಧಕೈದಿಗಳ ಪ್ರಶ್ನೆ.

ಕಾದಾಟ ನಿಂತ ಕೂಡಲೇ ಕೈದಿಗಳೆಲ್ಲರನ್ನೂ ಬಿಡುಗಡೆ ಮಾಡಿ ಸ್ವದೇಶಕ್ಕೆ ಕಳುಹಿಸಬೇಕೆಂಬುದು 1949ರ ಜಿನೀವಾ ಒಪ್ಪಂದದ 118ನೆಯ ವಿಧಿ. ಚೀನಾ ಮತ್ತು ಉತ್ತರ ಕೊರಿಯಾ ಇದನ್ನೇ ಹಿಡಿದವು. ಟ್ರೂಮನ್ ಮಾತ್ರ, ಹೋಗಲೊಲ್ಲದವರನ್ನು ಬಲವಂತವಾಗಿ ದಬ್ಬುವುದಿಲ್ಲ ಎಂದು ಪಟ್ಟು ಹಿಡಿದರು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಹಿಂದಿರುಗಲು ಒಲ್ಲದ ಸೋವಿಯತ್ ಪ್ರಜೆಗಳನ್ನು ಪಾಶ್ಚಾತ್ಯ ರಾಷ್ಟ್ರಗಳು ಬಲವಂತದಿಂದ ಸ್ಟಾಲಿನ್ನರ ಕೈಗೊಪ್ಪಿಸಿದ್ದವು. ಅವರಲ್ಲಿ ಅನೇಕರ ಗತಿ ಏನಾಯಿತೆಂಬುದು ಎಲ್ಲರಿಗೂ ನೆನಪಿತ್ತು. 1952ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ವಶದಲ್ಲಿದ್ದ ಸುಮಾರು 1,32,000 ಕೈದಿಗಳ ಇಚ್ಛೆಯನ್ನು ಕೇಳಿದಾಗ, ಹಿಂದಿರುಗುತ್ತೇವೆ ಎಂದವರು ಸುಮಾರು 70,000 ಮಾತ್ರ ಎಂಬ ಲೆಕ್ಕ ಹೊರಬಿತ್ತು. ಚೀನಾಕ್ಕೆ ಇದು ಸಹಿಸಲಾಗದ ಮುಖಭಂಗ. ಮೇ ತಿಂಗಳಲ್ಲಿ ಕೋಜೆ ದ್ವೀಪದ ಶಿಬಿರದಲ್ಲಿ ಕೈದಿಗಳು ಶಿಬಿರಾಧಿಕಾರಿ ಜನರಲ್ ಡಾಡ್ ಅವರನ್ನೇ ಸೆರೆಹಿಡಿದರು. ಅಕ್ಟೋಬರ್‌ನಲ್ಲಿ ಮಾತುಕತೆ ಮುರಿದುಬಿತ್ತು.

ಟ್ರೂಮನ್ ಅವರ ನಿಲುವು ಸರಿಯಾಗಿತ್ತೆ? ಇದು ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆ. ಮನುಷ್ಯರನ್ನು ಸರಕಿನಂತೆ ಹಸ್ತಾಂತರಿಸಬಾರದೆಂಬ ತತ್ತ್ವವನ್ನು ಯಾರು ತಾನೇ ಅಲ್ಲಗಳೆಯಬಲ್ಲರು? ಆದರೆ ಆ ತತ್ತ್ವ ಕಾರ್ಯರೂಪಕ್ಕೆ ಬಂದ ಬಗೆ ಶುದ್ಧವಾಗಿರಲಿಲ್ಲ. ಶಿಬಿರಗಳೊಳಗೆ ಕಮ್ಯುನಿಸ್ಟರ ಮತ್ತು ಅವರ ವಿರೋಧಿಗಳ ಗುಂಪುಗಳು ಆಳುತ್ತಿದ್ದವು. ಹಿಂದಿರುಗಬಯಸಿದ ಚೀನೀಯರನ್ನು ಹೊಡೆಯುವುದು, ಮೈಮೇಲೆ ಕಮ್ಯುನಿಸ್ಟ್ ವಿರೋಧಿ ಘೋಷಣೆಗಳನ್ನು ಬಲವಂತವಾಗಿ ಹಚ್ಚೆ ಹುಯ್ಯುವುದು ನಡೆದಿತ್ತು. ಅಂಥಲ್ಲಿ ಕೇಳಿದ ಇಚ್ಛೆಯನ್ನು ಸ್ವಂತ ಇಚ್ಛೆ ಎನ್ನುವುದು ಕಷ್ಟ. ಇನ್ನೊಂದೆಡೆ ಕಂದಕಗಳಲ್ಲಿ ಸಾವು ನಿಂತಿರಲಿಲ್ಲ. ಅಮೆರಿಕದ ಸಾವುನೋವುಗಳಲ್ಲಿ ಸುಮಾರು ಶೇಕಡಾ 45ರಷ್ಟು ಸಂಭವಿಸಿದ್ದು ಮಾತುಕತೆ ಆರಂಭವಾದ ನಂತರ. ಉತ್ತರ ಕೊರಿಯಾದ ಊರುಗಳ ಮೇಲೆ ಬಾಂಬುಗಳ ಸುರಿಮಳೆ ಮುಂದುವರಿದೇ ಇತ್ತು. ಕೈದಿಗಳ ಪ್ರಶ್ನೆಯ ಚರ್ಚೆ ಆರಂಭವಾದದ್ದು 1951ರ ಡಿಸೆಂಬರ್‌ನಲ್ಲಿ, ತೀರ್ಮಾನವಾದದ್ದು 1953ರ ಜೂನ್‌ನಲ್ಲಿ. ಅಂದರೆ ಒಂದು ಷರತ್ತಿಗಾಗಿ ಹದಿನೆಂಟು ತಿಂಗಳು!

ಈ ಗಂಟನ್ನು ಬಿಡಿಸಲು ಭಾರತ ಮುಂದಾಯಿತು. ವಿ. ಕೆ. ಕೃಷ್ಣ ಮೆನನ್ ವಿಶ್ವಸಂಸ್ಥೆಯಲ್ಲಿ ಮಂಡಿಸಿದ ನಿರ್ಣಯದ ಸಾರ ಸರಳವಾದುದು: ಯಾರ ಮೇಲೂ ಬಲಪ್ರಯೋಗ ಬೇಡ, ಕೈದಿಗಳನ್ನು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಒಪ್ಪಿಸೋಣ, ಅವರವರ ಸರ್ಕಾರಗಳು ಬಂದು ತಿಳಿಹೇಳಲಿ. ಮೊದಮೊದಲು ಇದು ಅಮೆರಿಕಕ್ಕೂ ಹಿಡಿಸಲಿಲ್ಲ. ತಿದ್ದುಪಡಿಗಳಾದ ಮೇಲೆ ಒಪ್ಪಿತು. ಸೋವಿಯತ್ ಪ್ರತಿನಿಧಿ ವಿಷಿನ್ಸ್ಕಿ ಕಟುವಾಗಿ ಖಂಡಿಸಿದರು. 1952ರ ಡಿಸೆಂಬರ್ 3ರಂದು ನಿರ್ಣಯ ಭಾರಿ ಬಹುಮತದಿಂದ ಅಂಗೀಕಾರವಾಯಿತು, ಚೀನಾ ತಿರಸ್ಕರಿಸಿತು. ಪ್ರಯತ್ನ ಮಣ್ಣುಗೂಡಿತೆಂದೇ ಎಲ್ಲರೂ ಭಾವಿಸಿದರು.

ಆದರೆ 1953ರ ಮಾರ್ಚ್ 5ರಂದು ಸ್ಟಾಲಿನ್ ತೀರಿಕೊಂಡರು. ಅಮೆರಿಕ ಕೊರಿಯಾದಲ್ಲಿ ಸಿಲುಕಿ ಸವೆಯುತ್ತಿದ್ದರೆ ಸ್ಟಾಲಿನ್ನರಿಗೆ ಅವಸರವೇನೂ ಇರಲಿಲ್ಲವೆಂಬುದು ಸೋವಿಯತ್ ಪತ್ರಾಗಾರಗಳು ತೆರೆದ ಮೇಲೆ ಸ್ಪಷ್ಟವಾಗಿದೆ. ಅವರ ಉತ್ತರಾಧಿಕಾರಿಗಳು ಎರಡೇ ವಾರಗಳಲ್ಲಿ ಯುದ್ಧ ಮುಗಿಸಲು ನಿರ್ಧರಿಸಿದರು. ಮಾರ್ಚ್ 30ರಂದು ಚೌ ಎನ್‌ಲಾಯ್, ಹಿಂದಿರುಗಲು ಒಪ್ಪದ ಕೈದಿಗಳನ್ನು ತಟಸ್ಥ ರಾಷ್ಟ್ರವೊಂದಕ್ಕೆ ಒಪ್ಪಿಸಬಹುದೆಂದು ಸೂಚಿಸಿದರು. ಅಮೆರಿಕದ ಹೊಸ ಅಧ್ಯಕ್ಷ ಐಸೆನ್‌ಹೋವರ್ ಅವರ ಅಣ್ವಸ್ತ್ರದ ಬೆದರಿಕೆಯೇ ಯುದ್ಧವನ್ನು ನಿಲ್ಲಿಸಿತೆಂದು ಮುಂದೆ ಅವರ ವಿದೇಶಾಂಗ ಕಾರ್ಯದರ್ಶಿ ಡಲ್ಲೆಸ್ ಸೂಚಿಸಿದ್ದುಂಟು. ಆದರೆ ಡಲ್ಲೆಸ್ ದೆಹಲಿಗೆ ಬಂದು ನೆಹರೂ ಅವರೊಡನೆ ಮಾತನಾಡಿದ್ದು ಮೇ ತಿಂಗಳಲ್ಲಿ. ಚೌ ಪಟ್ಟು ಸಡಿಲಿಸಿದ್ದು ಮಾರ್ಚ್‌ನಲ್ಲಿ. ಈ ದಿನಾಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಬೆದರಿಕೆಯೊಂದೇ ಕಾರಣವೆಂದು ಹೇಳಲಾಗದು.

ಜೂನ್ 8ರಂದು ಕೈದಿಗಳ ಬಗ್ಗೆ ಒಪ್ಪಂದವಾಯಿತು. ಹೆಚ್ಚುಕಡಿಮೆ ಅದು ಭಾರತದ ನಿರ್ಣಯದ ಮಾದರಿಯದೇ. ಅಷ್ಟರಲ್ಲಿ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ, ದೇಶ ಒಂದಾಗದ ಹೊರತು ಕದನವಿರಾಮ ಬೇಡವೆಂದು ಹಟ ಹಿಡಿದು, ಜೂನ್ 18ರಂದು ಸುಮಾರು 27,000 ಉತ್ತರ ಕೊರಿಯಾದ ಕೈದಿಗಳನ್ನು ಯಾರನ್ನೂ ಕೇಳದೆ ಬಿಡುಗಡೆ ಮಾಡಿಸಿದರು. ತನ್ನ ಹಣ, ಮದ್ದುಗುಂಡುಗಳನ್ನೇ ನಂಬಿದ್ದ ಮಿತ್ರನನ್ನು ಕೂಡ ಅಮೆರಿಕ ಸುಲಭವಾಗಿ ಹಿಡಿತದಲ್ಲಿಡಲಾಗಲಿಲ್ಲ. ರಕ್ಷಣಾ ಒಪ್ಪಂದದ ಭರವಸೆ ಕೊಟ್ಟು ಅವರನ್ನು ಸುಮ್ಮನಾಗಿಸಬೇಕಾಯಿತು. 1953ರ ಜುಲೈ 27ರಂದು ಕದನವಿರಾಮಕ್ಕೆ ಸಹಿಯಾಯಿತು. ಅದರ ಮೇಲೆ ದಕ್ಷಿಣ ಕೊರಿಯಾದ ಸಹಿ ಇಲ್ಲ.

ಒಪ್ಪಂದದಂತೆ ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗದಲ್ಲಿ ಸ್ವೀಡನ್, ಸ್ವಿಟ್ಜರ್‌ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾಗಳ ಜೊತೆಗೆ ಭಾರತವಿತ್ತು. ಅದರ ಅಧ್ಯಕ್ಷರಾದವರು ನಮ್ಮ ಮಡಿಕೇರಿಯ ಕೊಡಂದೇರ ತಿಮ್ಮಯ್ಯನವರು. ಕಾವಲಿಗೆ ಹೋದ ಐದು ಸಾವಿರಕ್ಕೂ ಮಿಕ್ಕ ಭಾರತೀಯ ಯೋಧರು ತಮ್ಮ ನೆಲವನ್ನು ತುಳಿಯಕೂಡದೆಂದು ರೀ ಹಟ ಮಾಡಿದ್ದರಿಂದ, ಅವರನ್ನು ಹೆಲಿಕಾಪ್ಟರುಗಳಲ್ಲಿ ಸೇನಾಮುಕ್ತ ವಲಯಕ್ಕೆ ಸಾಗಿಸಲಾಯಿತು. ಎರಡೂ ಕಡೆಯಿಂದ ಬಂದ ಸುಮಾರು 23,000 ಕೈದಿಗಳನ್ನು ತಿಮ್ಮಯ್ಯನವರ ತಂಡ ನೋಡಿಕೊಂಡಿತು. ವಿವರಣೆ ಕೇಳಲು ಒಪ್ಪದವರನ್ನು ಬಂದೂಕು ತೋರಿಸಿ ಎಳೆತರಲು ಅವರು ಒಪ್ಪಲಿಲ್ಲ. ಎರಡೂ ಪಕ್ಷಗಳಿಂದ ಬೈಗುಳ ತಿಂದರು. ಆದರೆ ಯುದ್ಧ ಮತ್ತೆ ಹೊತ್ತಿಕೊಳ್ಳಲಿಲ್ಲ. 1954ರ ಜನವರಿಯಲ್ಲಿ ಉಳಿದವರನ್ನು ಹಿಡಿದಿದ್ದವರಿಗೇ ಹಿಂದಿರುಗಿಸಲಾಯಿತು. 14,000ಕ್ಕೂ ಹೆಚ್ಚು ಚೀನೀಯರು ತೈವಾನ್ ಸೇರಿದರು. 21 ಮಂದಿ ಅಮೆರಿಕನ್ನರು ಸ್ವದೇಶ ಬೇಡವೆಂದು ಚೀನಾದ ಕಡೆ ಉಳಿದರು. ಎಲ್ಲಿಗೂ ಹೋಗಲೊಲ್ಲದ ಕೆಲವರು ನಮ್ಮ ಯೋಧರೊಡನೆ ಭಾರತಕ್ಕೆ ಬಂದರು.

ಇದರಿಂದ ನಾನು ಕಂಡುಕೊಂಡದ್ದಿಷ್ಟು. ದೊಡ್ಡ ರಾಷ್ಟ್ರದ ಬಲವು ಎದುರಾಳಿಯನ್ನು ಮಾತುಕತೆಯ ಮೇಜಿನ ತನಕ ತರಬಲ್ಲದು. ಸಹಿ ಹಾಕಿಸುವುದು ಬೇರೆಯೇ ಕೆಲಸ. "ನಾನು ಸೋತೆ" ಎಂದು ಯಾರೂ ಹೇಳಬೇಕಾಗಿಲ್ಲದಂಥ ಒಂದು ಜಾಗವನ್ನು ನಿರ್ಮಿಸಿದಾಗ ಮಾತ್ರ ಅದು ಸಾಧ್ಯ. ಕೊರಿಯಾದಲ್ಲಿ ಆ ಜಾಗದ ನಕ್ಷೆ 1952ರ ಡಿಸೆಂಬರ್‌ನಲ್ಲೇ ಸಿದ್ಧವಿತ್ತು. ಅದನ್ನು ಒಪ್ಪಿಕೊಳ್ಳಲು ಒಬ್ಬ ಸರ್ವಾಧಿಕಾರಿ ಸಾಯಬೇಕಾಯಿತು. ನಡುವಿನ ತಿಂಗಳುಗಳಲ್ಲಿ ಹೆಸರಿಲ್ಲದ ಗುಡ್ಡಗಳ ಮೇಲೆ ಸಾವಿರಾರು ಹುಡುಗರು ಸತ್ತರು. ಶಾಂತಿ ಒಪ್ಪಂದವಂತೂ ಇಂದಿಗೂ ಆಗಿಲ್ಲ. 1954ರ ಜಿನೀವಾ ಸಮ್ಮೇಳನವೂ ವಿಫಲವಾಯಿತು. ನಾಲ್ಕು ಕಿಲೋಮೀಟರ್ ಅಗಲದ ಆ ಸೇನಾಮುಕ್ತ ಪಟ್ಟಿ ಮಾತ್ರ ಉಳಿದಿದೆ.

ಮಡಿಕೇರಿಗೆ ಹೋಗುವವರು ರಾಜಾಸೀಟನ್ನು ನೋಡಿ ಹಿಂದಿರುಗುವುದು ವಾಡಿಕೆ. ತಿಮ್ಮಯ್ಯನವರ ಮನೆ ಸನ್ನಿಸೈಡ್ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದಿದೆ. ಮಕ್ಕಳನ್ನು ಕರೆದುಕೊಂಡು ಅಲ್ಲಿಗೂ ಹೋಗಿ ಬನ್ನಿ. ಯುದ್ಧ ಗೆದ್ದ ಸೇನಾನಿಗಳ ಹೆಸರು ಅವರಿಗೆ ಗೊತ್ತಿರುತ್ತದೆ. ಯುದ್ಧವು ಮತ್ತೆ ಆರಂಭವಾಗದಂತೆ ಕಾವಲು ಕುಳಿತ ಸೇನಾನಿಯೊಬ್ಬರ ಹೆಸರೂ ಗೊತ್ತಿರಲಿ.